ಒಂದೇ ಹಾಡು, ನೂರಾರು ರಾತ್ರಿ: ಗ್ರೇಟ್‌ಫುಲ್ ಡೆಡ್ ಟೇಪುಗಳನ್ನು ಉಳಿಸಿದವರು

ಜನಪ್ರಿಯ ಸಂಗೀತದ ಜಗತ್ತಿನಲ್ಲಿ ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮುದ್ರಿತವಾದ ಹಾಡೇ ಮೂಲಪ್ರತಿ. ವೇದಿಕೆಯ ಮೇಲೆ ಹಾಡುವುದು ಅದರ ಪುನರಾವರ್ತನೆ. ಮನೆಯಲ್ಲಿ ನೂರು ಸಲ ಕೇಳಿದ್ದನ್ನೇ ಕಣ್ಣೆದುರು ಇನ್ನೊಮ್ಮೆ ಕೇಳಲೆಂದು ಅಭಿಮಾನಿ ಟಿಕೆಟ್ ಕೊಳ್ಳುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡ ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಿತು. ಈ ತಂಡದ ಮಟ್ಟಿಗೆ ಸ್ಟುಡಿಯೋ ಮುದ್ರಿಕೆ ಕೇವಲ ರೂಪರೇಖೆ. ಹಾಡು ನಿಜವಾಗಿ ಹುಟ್ಟುತ್ತಿದ್ದುದು ಆಯಾ ರಾತ್ರಿಯ ವೇದಿಕೆಯಲ್ಲಿ. ಆದುದರಿಂದಲೇ ಅದರ ಅಭಿಮಾನಿಗಳು ಇಂದಿಗೂ ಹಾಡುಗಳ ಹೆಸರಿಗಿಂತ ಹೆಚ್ಚಾಗಿ ದಿನಾಂಕಗಳನ್ನು ಹೇಳುತ್ತಾರೆ. ‘1977ರ ಮೇ 8’ ಅಥವಾ ‘1972ರ ಆಗಸ್ಟ್ 27’ ಎಂದರೆ ಸಾಕು. ಯಾವ ಊರು, ಯಾವ ಅಂಗಳ, ಎರಡನೆಯ ಭಾಗದಲ್ಲಿ ಏನೇನು ನುಡಿಸಿದರು ಎಂಬುದೆಲ್ಲ ಅವರಿಗೆ ಬಾಯಿಪಾಠ.

ಮೂವತ್ತು ವರ್ಷಗಳಲ್ಲಿ ಈ ತಂಡ ನೀಡಿದ ಕಾರ್ಯಕ್ರಮಗಳು ಸುಮಾರು 2,300. ಹೊರತಂದ ಸ್ಟುಡಿಯೋ ಆಲ್ಬಂಗಳು ಹದಿಮೂರು ಮಾತ್ರ. ಅಮೆರಿಕದ ಜನಪ್ರಿಯ ಹಾಡುಗಳ ಮೊದಲ ಹತ್ತರ ಪಟ್ಟಿಗೆ ಏರಿದ್ದು 1987ರ ಒಂದೇ ಒಂದು ಹಾಡು. ಪ್ರಧಾನ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಅವರು 1995ರ ಆಗಸ್ಟ್ 9ರಂದು ನಿಧನರಾದ ಮೇಲೆ ಆ ವರ್ಷವೇ ತಂಡ ವಿಸರ್ಜನೆಗೊಂಡಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 2024ರ ಫೆಬ್ರುವರಿಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತು ಸ್ಥಾನಗಳೊಳಗೆ ಇದೇ ತಂಡದ 59ನೆಯ ಆಲ್ಬಂ ಕಾಣಿಸಿಕೊಂಡಿತು. ತಲಾ 58 ಆಲ್ಬಂಗಳ ಎಲ್ವಿಸ್ ಪ್ರೀಸ್ಲಿ ಮತ್ತು ಫ್ರಾಂಕ್ ಸಿನಾತ್ರಾ ಹಿಂದೆ ಬಿದ್ದರು. ಈ ಆಲ್ಬಂಗಳಲ್ಲಿ ಬಹುಪಾಲು ದಶಕಗಳ ಹಿಂದೆ ನಡೆದುಹೋದ ಕಾರ್ಯಕ್ರಮಗಳ ಧ್ವನಿಮುದ್ರಣಗಳು. ಇವು ಉಳಿದುಬಂದದ್ದು ಯಾವುದೋ ಕಂಪನಿಯ ದೂರದೃಷ್ಟಿಯಿಂದಲ್ಲ. ತಂಡದ ಕೆಲವು ತಂತ್ರಜ್ಞರ ಶಿಸ್ತು ಮತ್ತು ಸಾವಿರಾರು ಕೇಳುಗರ ಹಟ, ಇವೆರಡೇ ಅದಕ್ಕೆ ಕಾರಣ.

ಒಂದೇ ಹಾಡನ್ನು ನೂರಾರು ರಾತ್ರಿಗಳ ಟೇಪುಗಳಲ್ಲಿ ಕೇಳುವುದರಲ್ಲಿ ಏನು ಸ್ವಾರಸ್ಯವೆಂದು ರಾಕ್ ಸಂಗೀತದ ಕೇಳುಗ ಕೇಳಬಹುದು. ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತದ ರಸಿಕನಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಮಲ್ಲಿಕಾರ್ಜುನ ಮನಸೂರರ ಒಂದೇ ರಾಗವನ್ನು ಬೇರೆ ಬೇರೆ ಕಛೇರಿಗಳಲ್ಲಿ ಕೇಳಿ ಹೋಲಿಸುವುದು ನಮ್ಮಲ್ಲಿ ರಸಿಕತೆಯ ಮೊದಲ ಪಾಠ. ಗ್ರೇಟ್‌ಫುಲ್ ಡೆಡ್ ತಂಡದ ಹೆಗ್ಗಳಿಕೆಯೂ ಮನೋಧರ್ಮವೇ. ಅವರ ‘ಡಾರ್ಕ್ ಸ್ಟಾರ್’ ಎಂಬ ಕೃತಿ 1968ರಲ್ಲಿ ಸ್ಟುಡಿಯೋದಿಂದ ಹೊರಬಂದಾಗ ಮೂರು ನಿಮಿಷಕ್ಕೂ ಕಡಿಮೆ ಇತ್ತು. ಮರುವರ್ಷದ ‘ಲೈವ್/ಡೆಡ್’ ಆಲ್ಬಂನಲ್ಲಿ ಅದೇ ಕೃತಿ 23 ನಿಮಿಷಗಳಷ್ಟು ಬೆಳೆದಿತ್ತು. ಹಾಡಿನ ಸಾಹಿತ್ಯ ನಾಲ್ಕಾರು ಸಾಲು. ಉಳಿದುದೆಲ್ಲ ಗಿಟಾರ್, ಬಾಸ್, ಕೀಲಿವಾದ್ಯ ಮತ್ತು ಎರಡು ಜೋಡಿ ಡ್ರಮ್‌ಗಳ ನಡುವಿನ ಸಂವಾದ. ಅದು ಎತ್ತ ಹೋಗುತ್ತದೆಂಬುದು ನುಡಿಸುವವರಿಗೂ ಮೊದಲೇ ತಿಳಿದಿರುತ್ತಿರಲಿಲ್ಲ. ಕೆಲವು ರಾತ್ರಿ ಅದು ಎತ್ತಲೂ ಹೋಗದೆ ಮುಗ್ಗರಿಸುತ್ತಿತ್ತು ಎಂಬುದನ್ನೂ ಹೇಳಬೇಕು. ನಿಷ್ಠಾವಂತ ಅಭಿಮಾನಿಗಳು ಇದನ್ನು ಬಚ್ಚಿಡುವುದಿಲ್ಲ; ಯಾವ ರಾತ್ರಿ ಕೆಟ್ಟಿತ್ತು ಎಂಬ ಬಗ್ಗೆ ಅವರಷ್ಟು ನಿಷ್ಠುರವಾಗಿ ಬೇರೆ ಯಾರೂ ಮಾತನಾಡಲಾರರು.

ಭಾರತೀಯ ಸಂಗೀತದೊಡನೆ ಈ ಹೋಲಿಕೆ ಕೇವಲ ನಮ್ಮ ಕಲ್ಪನೆಯಲ್ಲ. 1967ರಲ್ಲಿ ತಂಡವನ್ನು ಸೇರಿದ ಡ್ರಮ್ ವಾದಕ ಮಿಕ್ಕಿ ಹಾರ್ಟ್ ಅವರು ಉಸ್ತಾದ್ ಅಲ್ಲಾ ರಖಾ ಅವರ ತಬಲಾವಾದನಕ್ಕೆ ಮಾರುಹೋಗಿ ಅವರಿಂದ ಲಯದ ಪಾಠ ಹೇಳಿಸಿಕೊಂಡರು. ಹನ್ನೊಂದು ಮಾತ್ರೆಗಳ ಆವರ್ತದ ‘ದಿ ಇಲೆವೆನ್’ ಎಂಬ ಕೃತಿ ತಂಡದಲ್ಲಿ ರೂಪುಗೊಂಡದ್ದು ಅದೇ ಕಾಲದಲ್ಲಿ. ಅದೂ ‘ಲೈವ್/ಡೆಡ್’ ಆಲ್ಬಂನಲ್ಲಿದೆ. ಮುಂದೆ ಅಲ್ಲಾ ರಖಾ ಅವರ ಪುತ್ರ ಜಾಕಿರ್ ಹುಸೇನ್ ಮತ್ತು ಹಾರ್ಟ್ ದಶಕಗಳ ಕಾಲ ಜೊತೆಗೂಡಿ ನುಡಿಸಿದರು. ಘಟವಾದಕ ವಿಕ್ಕು ವಿನಾಯಕರಾಮ್ ಕೂಡ ಪಾಲ್ಗೊಂಡ 1991ರ ‘ಪ್ಲಾನೆಟ್ ಡ್ರಮ್’ ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಕರಡಿಯ ದಿನಚರಿ

ತಂಡದ ಕಾರ್ಯಕ್ರಮಗಳನ್ನು ಕ್ರಮಬದ್ಧವಾಗಿ ಮುದ್ರಿಸುವ ಅಭ್ಯಾಸವನ್ನು ಆರಂಭಿಸಿದವರು ಔಸ್ಲಿ ಸ್ಟಾನ್ಲಿ. ‘ಕರಡಿ’ ಎಂಬ ಅಡ್ಡಹೆಸರಿನ ಈ ವ್ಯಕ್ತಿ ಅರುವತ್ತರ ದಶಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎಲ್‌ಎಸ್‌ಡಿ ಮಾದಕವನ್ನು ತಯಾರಿಸಿ ಕುಖ್ಯಾತರಾದವರು. ಅದಕ್ಕಾಗಿ ಸೆರೆಮನೆಯನ್ನೂ ಕಂಡವರು. ಅವರೇ ತಂಡದ ಧ್ವನಿ ತಂತ್ರಜ್ಞರೂ ಆಗಿದ್ದರು. ತಾನು ಸಭಾಂಗಣದ ಧ್ವನಿಯನ್ನು ಹೇಗೆ ಹೊಂದಿಸಿದೆ, ಎಲ್ಲಿ ತಪ್ಪಿದೆ ಎಂದು ಮರುದಿನ ಪರೀಕ್ಷಿಸಿಕೊಳ್ಳುವುದಕ್ಕಾಗಿ ಅವರು ಪ್ರತಿ ರಾತ್ರಿ ಟೇಪನ್ನು ಓಡಿಸುತ್ತಿದ್ದರು. ಮಾರಾಟದ ಉದ್ದೇಶ ಅದಕ್ಕಿರಲಿಲ್ಲ. ಆದುದರಿಂದಲೇ ಅದನ್ನು ‘ಧ್ವನಿ ದಿನಚರಿ’ ಎಂದು ಕರೆದರು. 2011ರಲ್ಲಿ ಅವರು ಆಸ್ಟ್ರೇಲಿಯಾದಲ್ಲಿ ಅಪಘಾತದಲ್ಲಿ ಮೃತಪಟ್ಟ ಬಳಿಕ ಅವರ ಹೆಸರಿನ ಪ್ರತಿಷ್ಠಾನವೊಂದು ಸುಮಾರು 1,300 ಸುರುಳಿಗಳನ್ನು ಸಂರಕ್ಷಿಸುವ ಕಾರ್ಯವನ್ನು ಕೈಗೊಂಡಿದೆ.

ಈ ಸುರುಳಿಗಳಲ್ಲಿ ರಾಕ್ ಸಂಗೀತ ಮಾತ್ರವಿಲ್ಲ. 1970ರ ಮೇ 29ರಂದು ಸ್ಯಾನ್‌ಫ್ರಾನ್ಸಿಸ್ಕೋದ ಕಡಲತೀರದ ಸಭಾಂಗಣವೊಂದರಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನ್ ಸರೋದ್ ನುಡಿಸಿದರು. ಸಿತಾರ್‌ನಲ್ಲಿ ಇಂದ್ರನೀಲ ಭಟ್ಟಾಚಾರ್ಯ, ತಬಲಾದಲ್ಲಿ ಆಗಿನ್ನೂ ಹತ್ತೊಂಬತ್ತರ ತರುಣ ಜಾಕಿರ್ ಹುಸೇನ್. ಸ್ಟಾನ್ಲಿ ಅದನ್ನೂ ಮುದ್ರಿಸಿಕೊಂಡರು. ಐವತ್ತು ವರ್ಷಗಳ ಬಳಿಕ, 2020ರಲ್ಲಿ, ಅದು ಆಲ್ಬಂ ರೂಪದಲ್ಲಿ ಹೊರಬಂದಿತು. ಇಂಗ್ಲಿಷ್ ಅಧ್ಯಾಪನವನ್ನು ತೊರೆದು ಇದೇ ಅಲಿ ಅಕ್ಬರ್ ಖಾನರ ಶಿಷ್ಯರಾದ ನಮ್ಮ ಪಂಡಿತ ರಾಜೀವ ತಾರಾನಾಥರ ಸರೋದ್ ಕೇಳಿ ಬೆಳೆದ ಕನ್ನಡಿಗರಿಗೆ ಈ ಆಲ್ಬಂ ವಿಶೇಷ ಆಸಕ್ತಿಯದು. ರಾಕ್ ತಂಡದ ಧ್ವನಿ ತಂತ್ರಜ್ಞನೊಬ್ಬ ತನ್ನ ಕೆಲಸದ ಶಿಸ್ತಿಗೆಂದು ಓಡಿಸಿದ ಯಂತ್ರ ನಮಗಾಗಿ ಇದನ್ನು ಉಳಿಸಿತು.

ಅಂಗಿಯೊಳಗಿನ ಮೈಕ್ರೋಫೋನ್

ತಂತ್ರಜ್ಞರ ಟೇಪುಗಳು ತಂಡದ ಕಪಾಟಿನಲ್ಲಿದ್ದವು; ಕೇಳುಗನಿಗೆ ದಕ್ಕುತ್ತಿರಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಕೆಲವು ಅಭಿಮಾನಿಗಳು ತಾವೇ ಯಂತ್ರಗಳನ್ನು ಹೊತ್ತು ಬಂದರು. ಬಿಡಿಭಾಗಗಳನ್ನು ಗೆಳೆಯರ ಚೀಲಗಳಲ್ಲಿ ಹಂಚಿ, ಮೈಕ್ರೋಫೋನನ್ನು ಅಂಗಿಯೊಳಗೆ ಅಡಗಿಸಿ, ಕಾವಲುಗಾರರ ಕಣ್ತಪ್ಪಿಸಿ ಒಳಗೆ ತಂದು ಕತ್ತಲಲ್ಲಿ ಜೋಡಿಸುತ್ತಿದ್ದರು. ತಂಡದ ಸಿಬ್ಬಂದಿಯೇ ಸಿಟ್ಟಿಗೆದ್ದು ಅವರ ತಂತಿಗಳನ್ನು ಕತ್ತರಿಸಿದ್ದುಂಟು. ಆದರೆ ಗಾರ್ಸಿಯಾ ಅವರ ನಿಲುವು ಬೇರೆಯಾಗಿತ್ತು: ತಾವು ನುಡಿಸಿ ಮುಗಿಸಿದ ಮೇಲೆ ಆ ಸಂಗೀತ ಕೇಳುಗರದು, ಅವರು ಅದನ್ನು ಒಯ್ಯಲಿ ಎಂಬ ಅರ್ಥದ ಮಾತನ್ನು ಅವರು ಆಡುತ್ತಿದ್ದರು.

1971ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಟೇಪುಗಳ ಉಚಿತ ವಿನಿಮಯ ಕೂಟವೊಂದು ಹುಟ್ಟಿತು. ಅದರ ಬೆನ್ನಿಗೇ ಬಂದದ್ದು 1974ರಲ್ಲಿ ಆರಂಭವಾದ, ಇಂದು ‘ರೆಲಿಕ್ಸ್’ ಎಂದು ಹೆಸರಾದ ಪತ್ರಿಕೆ. ಈ ವಿನಿಮಯಕ್ಕೆ ಒಂದು ಅಲಿಖಿತ ಕಟ್ಟಳೆಯಿತ್ತು: ಹಣ ಮುಟ್ಟಕೂಡದು. ಟೇಪಿಗೆ ಬದಲು ಟೇಪು. ಕೊಡಲು ಏನೂ ಇಲ್ಲದ ಹೊಸಬ ಖಾಲಿ ಕ್ಯಾಸೆಟ್ ಮತ್ತು ಅಂಚೆವೆಚ್ಚವನ್ನು ಕಳುಹಿಸಿದರೆ ಹಳಬರು ನಕಲು ಮಾಡಿ ಕಳುಹಿಸುತ್ತಿದ್ದರು. ಮಾರಲು ಹೊರಟವನು ಬಳಗದಿಂದ ಹೊರಬೀಳುತ್ತಿದ್ದ. ಕಾನೂನಿನ ಭಯದಿಂದ ಹುಟ್ಟಿದ ನಿಯಮವಲ್ಲ ಇದು. ತಂಡದ ಸಹನೆಗೆ ತಾವು ಸಲ್ಲಿಸಬೇಕಾದ ಮರ್ಯಾದೆ ಎಂದೇ ಅವರು ತಿಳಿದಿದ್ದರು.

ಕ್ಯಾಸೆಟ್ ಯುಗದಲ್ಲಿ ನಕಲು ಮಾಡುವುದರ ಕಷ್ಟವನ್ನು ಇಂದಿನ ತರುಣರಿಗೆ ವಿವರಿಸಿಯೇ ಹೇಳಬೇಕು. ಒಂದು ಟೇಪಿನಿಂದ ಇನ್ನೊಂದಕ್ಕೆ ಮುದ್ರಿಸಿದಾಗಲೆಲ್ಲ ಹಿನ್ನೆಲೆಯ ‘ಸ್ಸ್’ ಎಂಬ ಸದ್ದು ಒಂದು ಪದರ ಹೆಚ್ಚುತ್ತದೆ, ತಾರಸ್ವರಗಳ ಹೊಳಪು ಒಂದಿಷ್ಟು ಕುಂದುತ್ತದೆ. ಮೂಲ ಟೇಪಿನ ನಕಲು ಮೊದಲ ತಲೆಮಾರು, ಅದರ ನಕಲು ಎರಡನೆಯದು. ಎಂಟನೆಯ ತಲೆಮಾರಿಗೆ ಬರುವಷ್ಟರಲ್ಲಿ ಗಾಯಕ ಜಡಿಮಳೆಯ ಆಚೆ ನಿಂತು ಹಾಡಿದಂತೆ ಕೇಳಿಸುತ್ತಿತ್ತು. ಆದುದರಿಂದ ಸಂಗ್ರಾಹಕರು ಪ್ರತಿ ಟೇಪಿನ ವಂಶಾವಳಿಯನ್ನು, ಬಳಸಿದ ಮೈಕ್ರೋಫೋನಿನಿಂದ ಹಿಡಿದು ಎಷ್ಟನೆಯ ನಕಲು ಎಂಬುದರವರೆಗೆ, ಹೊದಿಕೆಯ ಚೀಟಿಯ ಮೇಲೆ ಬರೆದಿಡುತ್ತಿದ್ದರು. ಹಾಡುಗಳ ಪಟ್ಟಿಯಲ್ಲಿ ತಪ್ಪು ಬಂದರೆ ಪತ್ರ ಬರೆದು ತಿದ್ದಿಸುತ್ತಿದ್ದರು. ಎಲ್ಲ ಕಾರ್ಯಕ್ರಮಗಳ ಹಾಡುಪಟ್ಟಿಗಳನ್ನು ಒಂದೆಡೆ ಸೇರಿಸಿದ ‘ಡೆಡ್‌ಬೇಸ್’ ಎಂಬ ಗ್ರಂಥವನ್ನು 1987ರಲ್ಲಿ ಹೊರತಂದವರೂ ಅಭಿಮಾನಿಗಳೇ. ವಿಶ್ವವಿದ್ಯಾಲಯಗಳ ಗ್ರಂಥಸಂಪಾದನಾ ವಿಭಾಗಗಳಲ್ಲಿ ಕಾಣುವ ಶ್ರದ್ಧೆಯನ್ನು ಹಗಲೆಲ್ಲ ಬೇರೆ ಉದ್ಯೋಗದಲ್ಲಿದ್ದ ಜನ ರಾತ್ರಿ ಕುಳಿತು ತೋರಿದರು ಎಂದರೆ ಉತ್ಪ್ರೇಕ್ಷೆಯಾಗದು.

ಎಂಬತ್ತರ ದಶಕದ ಹೊತ್ತಿಗೆ ಸಭಾಂಗಣದ ನಡುವೆ ಮೈಕ್ರೋಫೋನ್ ಕಂಬಗಳ ಕಾಡೇ ಬೆಳೆದು, ಹಿಂದಿನವರಿಗೆ ವೇದಿಕೆ ಕಾಣದೆ ಜಗಳಗಳಾಗತೊಡಗಿದವು. ನಿಷೇಧಿಸುವುದು ಸುಲಭವಾಗಿತ್ತು. ತಂಡ ಹಾಗೆ ಮಾಡಲಿಲ್ಲ. 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಕಾರ್ಯಕ್ರಮಗಳಿಂದ ಆರಂಭಿಸಿ ಧ್ವನಿಮುದ್ರಿಸುವವರಿಗೆಂದೇ ಪ್ರತ್ಯೇಕ ಟಿಕೆಟು, ಪ್ರತ್ಯೇಕ ಜಾಗವನ್ನು ಕೊಟ್ಟಿತು.

ಇಲ್ಲಿ ಎರಡು ಬಗೆಯ ಮುದ್ರಣಗಳ ವ್ಯತ್ಯಾಸವನ್ನು ತಿಳಿಯಬೇಕು. ವೇದಿಕೆಯ ಮೈಕ್ರೋಫೋನುಗಳ ಧ್ವನಿ ಸೇರುವ ಮಿಕ್ಸರ್ ಮೇಜಿನಿಂದ ನೇರವಾಗಿ ಪಡೆದದ್ದು ಒಂದು; ಪ್ರೇಕ್ಷಕರ ನಡುವೆ ಗಾಳಿಯಲ್ಲಿ ಹಿಡಿದದ್ದು ಇನ್ನೊಂದು. ಮೊದಲನೆಯದು ಸ್ವಚ್ಛ. ಆದರೆ ಸಣ್ಣ ಸಭಾಂಗಣಗಳಲ್ಲಿ ಗಿಟಾರಿನ ಆಂಪ್ಲಿಫೈಯರ್‌ಗಳೇ ಸಾಕಷ್ಟು ಜೋರಾಗಿರುವುದರಿಂದ ಮೇಜಿನ ಮೂಲಕ ಅವುಗಳನ್ನು ಹೆಚ್ಚಿಸುವ ಅಗತ್ಯವಿರುವುದಿಲ್ಲ. ಪರಿಣಾಮವಾಗಿ ಟೇಪಿನಲ್ಲಿ ಗಾಯನ ಮುಂದಾಗಿ ಗಿಟಾರು ಎಲ್ಲೋ ದೂರದಲ್ಲಿ ಉಳಿಯುತ್ತದೆ. ಎರಡನೆಯ ಬಗೆಯಲ್ಲಿ ಗದ್ದಲವಿದೆ, ಪಕ್ಕದವನ ಕೆಮ್ಮೂ ಇದೆ. ಜೊತೆಗೆ ಸಭಾಂಗಣದ ಅನುರಣನವೂ ಇದೆ. ಯಾವುದು ಮೇಲು ಎಂಬ ವಾದ ಈ ಬಳಗದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಭಂಡಾರದ ಕೀಲಿ ಪಡೆದ ಭಕ್ತ

ಈ ಬಳಗದ ಆದರ್ಶ ಪುರುಷನೆಂದರೆ ಡಿಕ್ ಲಾಟ್ವಾಲಾ. ಎಪ್ಪತ್ತರ ದಶಕದಲ್ಲಿ ಅವರು ಹವಾಯಿ ದ್ವೀಪದ ಪ್ರಾಣಿಸಂಗ್ರಹಾಲಯವೊಂದರಲ್ಲಿ ಪ್ರಾಣಿಪಾಲಕರಾಗಿದ್ದರು. ಸಾವಿರಾರು ಕಿಲೋಮೀಟರ್ ದೂರದ ಅಮೆರಿಕ ಖಂಡದಿಂದ ಅಂಚೆಯಲ್ಲಿ ಟೇಪುಗಳನ್ನು ತರಿಸಿಕೊಂಡು, ಕೇಳಿ, ಪ್ರತಿ ಕಾರ್ಯಕ್ರಮದ ಬಗೆಗೂ ಟಿಪ್ಪಣಿ ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿಡುತ್ತಿದ್ದರು. ಮೆಚ್ಚಿದ್ದಕ್ಕೆ ಮಿತಿಮೀರಿದ ಹೊಗಳಿಕೆ, ಮೆಚ್ಚದ್ದಕ್ಕೆ ನಿರ್ದಾಕ್ಷಿಣ್ಯ ತೆಗಳಿಕೆ. ತಂಡದವರ ಪರಿಚಯ ಬೆಳೆದು 1985ರಲ್ಲಿ ಅವರೇ ತಂಡದ ಟೇಪ್ ಭಂಡಾರದ ಪಾಲಕರಾದರು. ಪ್ರಾಣಿಗಳ ಬದಲು ಸುರುಳಿಗಳು.

ಲಾಟ್ವಾಲಾ ಒತ್ತಾಯಿಸಿದ ಸಂಗತಿ ಒಂದೇ: ಭಂಡಾರದಲ್ಲಿರುವ ಕಾರ್ಯಕ್ರಮಗಳನ್ನು ಸ್ಟುಡಿಯೋದಲ್ಲಿ ತಿದ್ದಿತೀಡದೆ, ಇದ್ದಂತೆಯೇ ಹೊರತರಬೇಕು. 1973ರ ಡಿಸೆಂಬರ್ 19ರಂದು ಫ್ಲೋರಿಡಾದ ಟ್ಯಾಂಪಾದಲ್ಲಿ ನಡೆದ ಕಾರ್ಯಕ್ರಮ 1993ರಲ್ಲಿ ‘ಡಿಕ್ಸ್ ಪಿಕ್ಸ್’ ಮಾಲಿಕೆಯ ಮೊದಲ ಸಂಪುಟವಾಯಿತು. ಎರಡೇ ಟ್ರ್ಯಾಕುಗಳ ಹಳೆಯ ಟೇಪಿನಿಂದ ತಯಾರಾದುದರಿಂದ ಲೋಪಗಳಿವೆ, ಕೊಳ್ಳುವವರು ತಿಳಿದು ಕೊಳ್ಳಿರಿ ಎಂಬ ಎಚ್ಚರಿಕೆಯನ್ನು ಹೊದಿಕೆಯ ಮೇಲೆಯೇ ಅಚ್ಚುಹಾಕಲಾಗಿತ್ತು. ತನ್ನ ಸರಕಿನ ದೋಷವನ್ನು ತಾನೇ ಮುಖಪುಟದಲ್ಲಿ ಸಾರುವ ಧ್ವನಿಮುದ್ರಿಕೆ ವ್ಯಾಪಾರ ಜಗತ್ತಿನಲ್ಲಿ ಅಪರೂಪ. ಆದರೂ ಜನ ಕೊಂಡರು. 1999ರ ಆಗಸ್ಟ್‌ನಲ್ಲಿ, 56ನೆಯ ವಯಸ್ಸಿನಲ್ಲಿ ಲಾಟ್ವಾಲಾ ಹೃದಯಾಘಾತದಿಂದ ತೀರಿಕೊಂಡರು. ಮಾಲಿಕೆ ಅವರ ಹೆಸರಿನಲ್ಲಿಯೇ 2005ರವರೆಗೆ, 36 ಸಂಪುಟಗಳವರೆಗೆ ಸಾಗಿತು. ಅವರ ಬಳಿಕ ಭಂಡಾರದ ಹೊಣೆ ಹೊತ್ತ ಡೇವಿಡ್ ಲೆಮ್ಯೂ 2012ರಿಂದ ‘ಡೇವ್ಸ್ ಪಿಕ್ಸ್’ ಮಾಲಿಕೆಯನ್ನು ನಡೆಸಿದರು. ಮೇಲೆ ಹೇಳಿದ ಬಿಲ್‌ಬೋರ್ಡ್ ದಾಖಲೆಯನ್ನು ಮುರಿದದ್ದು ಇದರ 49ನೆಯ ಸಂಪುಟ.

ಹರಾಜಾದ ಸುರುಳಿಗಳು

ಎಲ್ಲ ಟೇಪುಗಳೂ ಭಂಡಾರದಲ್ಲಿರಲಿಲ್ಲ. ತಂಡದ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ಕಥೆ ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ಪುರುಷರೇ ತುಂಬಿದ್ದ ವೃತ್ತಿಯಲ್ಲಿ ಅರುವತ್ತರ ದಶಕದ ಕೊನೆಯಿಂದಲೇ ಹೆಸರು ಮಾಡಿದ ಈಕೆ, ಸಭಾಂಗಣದ ಧ್ವನಿವರ್ಧಕಗಳಿಗೆ ಹೋಗುತ್ತಿದ್ದ ಮಿಶ್ರಣವನ್ನು ಹಾಗೆಯೇ ಟೇಪಿಗೆ ಇಳಿಸುತ್ತಿರಲಿಲ್ಲ; ವೇದಿಕೆಯ ಸಂಕೇತಗಳನ್ನು ಬೇರೆಯಾಗಿ ಪಡೆದು ಟೇಪಿಗೆಂದೇ ಪ್ರತ್ಯೇಕವಾಗಿ ಹೊಂದಿಸುತ್ತಿದ್ದರು. ಮೇಲೆ ಹೇಳಿದ ಗಾಯನ-ಗಿಟಾರುಗಳ ಅಸಮತೋಲ ಅವರ ಮುದ್ರಣಗಳಲ್ಲಿ ಕಾಣದಿರುವುದು ಈ ಶ್ರಮದಿಂದ. ತಂಡದ ನಂಟು ಕಡಿದು, ಹಣಕಾಸಿನ ಅಡಚಣೆಗೆ ಸಿಲುಕಿದಾಗ ಅವರು ತಮ್ಮ ಸಾಮಾನುಗಳನ್ನು ಬಾಡಿಗೆಯ ಉಗ್ರಾಣದಲ್ಲಿರಿಸಿದ್ದರು. ಬಾಡಿಗೆ ಸಂದಾಯವಾಗದೆ 1986ರಲ್ಲಿ ಅವು ಹರಾಜಾದವು. ನೂರಾರು ಸುರುಳಿಗಳು ಅಪರಿಚಿತರ ಪಾಲಾದವು. ಕೆಲವು ತೇವಕ್ಕೆ ಸಿಕ್ಕಿ ಹಾಳಾಗುವ ಸ್ಥಿತಿಗೆ ಬಂದವು.

ಆದರೆ ಅದೇ ಹರಾಜಿನಿಂದಾಗಿ ಅಭಿಮಾನಿಗಳ ಕೈಗೆ ಹಿಂದೆಂದೂ ಕೇಳದಷ್ಟು ಸ್ವಚ್ಛವಾದ ಟೇಪುಗಳು ಬಂದವು. ಅವುಗಳಲ್ಲೊಂದು 1977ರ ಮೇ 8ರದು. ನ್ಯೂಯಾರ್ಕ್ ರಾಜ್ಯದ ಇಥಾಕಾ ಪಟ್ಟಣದ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಾದರೂ ಅಂದು ಹೊರಗೆ ಹಿಮ ಬಿದ್ದಿತ್ತು. ‘ಸ್ಕಾರ್ಲೆಟ್ ಬೆಗೋನಿಯಾಸ್’ನಿಂದ ‘ಫೈರ್ ಆನ್ ದ ಮೌಂಟನ್’ಗೆ ಎಲ್ಲಿ ದಾಟಿದರೆಂದು ತಿಳಿಯದಂತೆ ಇಪ್ಪತ್ತೈದು ನಿಮಿಷಗಳಿಗೂ ಮೀರಿ ಹರಿಯುವ ವಾದನ, ಕೊನೆಯಲ್ಲಿ ಅಣುಯುದ್ಧದ ನಂತರದ ಪ್ರಪಂಚವನ್ನು ಕುರಿತ ‘ಮಾರ್ನಿಂಗ್ ಡ್ಯೂ’. ಇವುಗಳಿಂದಾಗಿ ತಂಡದ ಸರ್ವಶ್ರೇಷ್ಠ ರಾತ್ರಿ ಇದೇ ಎಂಬ ಪ್ರತೀತಿ ಬೆಳೆಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಇದನ್ನು ಆಯ್ದುಕೊಂಡಾಗ ಇದಿನ್ನೂ ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ ಎಂಬುದು ಗಮನಾರ್ಹ.

ಅದು ನಿಜಕ್ಕೂ ಸರ್ವಶ್ರೇಷ್ಠವೇ? ಅದೇ ಮೇ ತಿಂಗಳಲ್ಲಿ ಅದಕ್ಕೆ ಸಮನಾದ ಕಾರ್ಯಕ್ರಮಗಳು ಇನ್ನೂ ಕೆಲವಿವೆ ಎಂಬ ಹಳಬರ ಮಾತು ಸರಿಯೆಂದೇ ತೋರುತ್ತದೆ. 1972ರ ಆಗಸ್ಟ್ 27ರಂದು ಓರೆಗಾನ್‌ನ ವೆನೆಟಾದಲ್ಲಿ, ಹೈನು ಘಟಕವೊಂದರ ಸಹಾಯಾರ್ಥ, ಸುಡುಬಿಸಿಲಿನ ಬಯಲಿನಲ್ಲಿ ನುಡಿಸಿದ ‘ಡಾರ್ಕ್ ಸ್ಟಾರ್’ ಸಾಹಸದಲ್ಲಿ ಕಾರ್ನೆಲ್‌ನದನ್ನು ಮೀರಿಸುತ್ತದೆ. ಕಾರ್ನೆಲ್ ಕೀರ್ತಿಯ ಬಹುಪಾಲು ಆ ರಾತ್ರಿಯ ವಾದನಕ್ಕೆ ಎಷ್ಟು ಸಲ್ಲಬೇಕೋ ಅಷ್ಟೇ ಬೆಟ್ಟಿ ಅವರ ಕೈಚಳಕಕ್ಕೂ, ಆ ಸುರುಳಿ ಸರಿಯಾದ ಕಾಲಕ್ಕೆ ಸಾವಿರಾರು ಮನೆಗಳನ್ನು ತಲಪಿತೆಂಬ ಆಕಸ್ಮಿಕಕ್ಕೂ ಸಲ್ಲಬೇಕು. ಟೇಪು ಕೆಟ್ಟದಾಗಿದ್ದ ಒಳ್ಳೆಯ ರಾತ್ರಿಗಳು ಇಂಥ ಪಟ್ಟಿಗಳಲ್ಲಿ ಸುಲಭವಾಗಿ ಕಾಣಸಿಗುವುದಿಲ್ಲ.

ಹರಾಜಾದ ಸುರುಳಿಗಳಲ್ಲಿ ಹಲವು ಮರಳಿ ಭಂಡಾರ ಸೇರಿ, 2017ರ ಮೇ ತಿಂಗಳಲ್ಲಿ ಕಾರ್ನೆಲ್ ಕಾರ್ಯಕ್ರಮ ಅಧಿಕೃತವಾಗಿ ಹೊರಬಂದಿತು. ಅದನ್ನು ಸಿದ್ಧಪಡಿಸಿದ ಬಗೆ ಕುತೂಹಲಕರ. ಟೇಪಿಗೆ ಮುದ್ರಿಸುವಾಗ ಯಂತ್ರವು ಕಿವಿಗೆ ಕೇಳಿಸದಷ್ಟು ಉಚ್ಚ ಕಂಪನಾಂಕದ ‘ಬಯಾಸ್’ ಎಂಬ ಸಂಕೇತವನ್ನು ಸಂಗೀತದೊಡನೆ ಬೆರೆಸುತ್ತದೆ. ಮೂಲದಲ್ಲಿ ಅದು ಏಕರೀತಿಯದು. ಟೇಪು ಓಡುವ ವೇಗದಲ್ಲಿ ಕೂದಲೆಳೆಯಷ್ಟು ಏರಿಳಿತವಾಗಿದ್ದರೂ ಅದು ಈ ಸಂಕೇತದಲ್ಲಿ ಅಚ್ಚೊತ್ತಿರುತ್ತದೆ. ಸೂಕ್ಷ್ಮ ಉಪಕರಣಗಳಿಂದ ಅದನ್ನು ಓದಿ, ಕಂಪ್ಯೂಟರಿನಲ್ಲಿ ಏರಿಳಿತವನ್ನು ಸರಿಪಡಿಸಿದರೆ ಶ್ರುತಿ ನೆಟ್ಟಗಾಗುತ್ತದೆ. 1977ರಲ್ಲಿ ಯಾರೂ ಬೇಕೆಂದು ಉಳಿಸದ ಸಂಕೇತ ನಲವತ್ತು ವರ್ಷಗಳ ನಂತರ ಕೆಲಸಕ್ಕೆ ಬಂದಿತು.

ಯಾರ ಸಂಗೀತ?

ಡಿಜಿಟಲ್ ಯುಗ ಬಂದಾಗ ತಲೆಮಾರುಗಳ ತೊಂದರೆ ತಪ್ಪಿತು. ನೂರನೆಯ ನಕಲೂ ಮೊದಲನೆಯದರಂತೆಯೇ ಇರತೊಡಗಿತು. ಅಂತರ್ಜಾಲದ ‘ಇಂಟರ್‌ನೆಟ್ ಆರ್ಕೈವ್’ ಸಂಸ್ಥೆಯ ಸಂಗೀತ ಸಂಗ್ರಹಕ್ಕೆ ಅಭಿಮಾನಿಗಳು ಸಾವಿರಾರು ಟೇಪುಗಳನ್ನು ಸೇರಿಸಿದರು. 2005ರ ನವೆಂಬರ್ ಕೊನೆಯಲ್ಲಿ, ತಂಡದ ಹಕ್ಕುದಾರರ ಕಡೆಯ ಬೇಡಿಕೆಯ ಮೇರೆಗೆ, ಅವನ್ನೆಲ್ಲ ಅಲ್ಲಿಂದ ಹಿಂದೆಗೆದುಕೊಳ್ಳಲಾಯಿತು. ಅಭಿಮಾನಿಗಳು ಬಹಿಷ್ಕಾರದ ಮಾತೆತ್ತಿದರು. ತಂಡದ ಬಾಸ್ ವಾದಕ ಫಿಲ್ ಲೆಶ್ ಈ ನಿರ್ಧಾರದಿಂದ ದೂರ ನಿಂತರು. ಕೆಲವೇ ದಿನಗಳಲ್ಲಿ ರಾಜಿಯಾಯಿತು: ಪ್ರೇಕ್ಷಕರ ನಡುವೆ ಮುದ್ರಿಸಿದವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮಿಕ್ಸರ್ ಮೇಜಿನಿಂದ ಬಂದವನ್ನು ಕೇಳಬಹುದಷ್ಟೇ. ಹಕ್ಕುದಾರರಿಗೆ ಹೊಟ್ಟೆಪಾಡಿನ ಚಿಂತೆ ಇರುವುದು ತಪ್ಪಲ್ಲ. ಆದರೆ ಹಣ ಮುಟ್ಟದೆ ಮೂವತ್ತು ವರ್ಷ ಕಾಪಾಡಿದವರನ್ನು ಒಂದು ಮಾತೂ ಕೇಳದೆ ಬಾಗಿಲು ಹಾಕಿದ್ದು ಅವಿವೇಕವೇ ಸರಿ. ಮರುವರ್ಷ, 2006ರಲ್ಲಿ, ಭಂಡಾರದ ಮೂಲ ಟೇಪುಗಳು ದೊಡ್ಡ ಧ್ವನಿಮುದ್ರಿಕಾ ಕಂಪನಿಯೊಂದರ ಸುಪರ್ದಿಗೆ ಹೋದವು.

ಹೊಸದಾಗಿ ಕೇಳಬಯಸುವವರು ಕಾರ್ನೆಲ್‌ನಿಂದಲೇ ಆರಂಭಿಸುವುದು ಒಳ್ಳೆಯದು. 2017ರ ಆಲ್ಬಂ ಕೇಳಿದ ಮೇಲೆ, ಅದೇ ರಾತ್ರಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತವರು ಮಾಡಿಕೊಂಡ ಮುದ್ರಣವನ್ನೂ ಹುಡುಕಿ ಕೇಳಬೇಕು. ಬೆಟ್ಟಿ ಅವರ ಟೇಪಿನಲ್ಲಿ ಗಾರ್ಸಿಯಾರ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಇನ್ನೊಂದರಲ್ಲಿ ಸ್ವರಗಳು ಹಾಲ್‌ನ ಎತ್ತರದ ಚಾವಣಿಗೆ ಬಡಿದು ಮಸುಕಾಗುತ್ತವೆ. ಅದರ ಬದಲು, ‘ಸ್ಕಾರ್ಲೆಟ್’ ಮುಗಿದು ‘ಫೈರ್’ ಶುರುವಾಯಿತೆಂದು ಅರಿತ ಜನಸಮೂಹದ ಕೂಗು ಸುತ್ತಲಿನಿಂದ ಕೇಳಿಬರುತ್ತದೆ.